ಕನ್ನಡ ಕಾದಂಬರಿಕಾರನ ಜೀವನೋಪಾಯ

ಸಾಹಿತ್ಯ ಚರಿತ್ರೆಗಳು ಕಾದಂಬರಿಕಾರನು ಏನನ್ನು ಬರೆದನೆಂಬುದನ್ನು ವಿಸ್ತಾರವಾಗಿ ಹೇಳುತ್ತವೆ. ಬರೆಯುತ್ತಿದ್ದ ಕಾಲದಲ್ಲಿ ಅವನ ಸಂಸಾರವು ಹೇಗೆ ನಡೆಯಿತೆಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಕಾದಂಬರಿಯು ಒಂದು ಸಂಜೆಯಲ್ಲಿ ಮುಗಿಯುವ ಬರಹವಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡುವನ್ನು ಬೇಡುವ ಈ ಪ್ರಕಾರಕ್ಕೆ ಆ ಬಿಡುವಿನ ಬೆಲೆಯನ್ನು ಯಾರಾದರೂ ತೆರಲೇಬೇಕು. ತೆತ್ತವರು ಯಾರು, ಅದರಿಂದ ಕೃತಿಯ ರೂಪವು ಎಷ್ಟರಮಟ್ಟಿಗೆ ಬದಲಾಯಿತು ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹೈದರಾಬಾದಿನಿಂದಲೇ ಪ್ರಾರಂಭಿಸಬಹುದು. ಉರ್ದು ಕಥಾಸಾಹಿತ್ಯದ ಆದ್ಯರಲ್ಲೊಬ್ಬರಾದ ರತನ್‌ನಾಥ್ ಸರ್ಶಾರರು ತಮ್ಮ ‘ಫಸಾನಾ-ಎ-ಆಜಾದ್’ ಕೃತಿಯನ್ನು 1878ರಿಂದ ಲಖನೌದ ‘ಅವಧ್ ಅಖ್ಬಾರ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದವರು. ಅವರು 1895ರಲ್ಲಿ ಈ ನಗರಕ್ಕೆ ಬಂದು ಮಹಾರಾಜಾ ಕಿಷನ್ ಪರ್ಷಾದರ ಆಶ್ರಯವನ್ನು ಪಡೆದರು, ಇಲ್ಲಿಯೇ ತೀರಿಕೊಂಡರು. ಪತ್ರಿಕೆಯ ಓದುಗರಿಂದ ಬೆಳೆದ ಲೇಖಕನೊಬ್ಬನು ಕೊನೆಗೆ ಆಸ್ಥಾನದ ನೆರಳನ್ನು ಅರಸಿ ಬಂದದ್ದು ಆ ಕಾಲದ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ನಿಜಾಮರ ಸಂಸ್ಥಾನದಲ್ಲಿ ಉರ್ದುವಿಗೆ ಅರಮನೆಯ ಆಶ್ರಯವಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣ ಮಾಧ್ಯಮವೂ ಅದೇ ಆಯಿತು. ಅದೇ ಸಂಸ್ಥಾನದ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡಿಗರಿಗಾದರೋ ಕನ್ನಡ ಪ್ರಕಾಶನದ ಮುಖ್ಯ ಕೇಂದ್ರಗಳಾದ ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರುಗಳೆಲ್ಲ ಗಡಿಯ ಆಚೆಯೇ ಇದ್ದವು.

ಕನ್ನಡ ಕಾದಂಬರಿಗೆ ಮೊದಲು ಅನ್ನವಿಟ್ಟದ್ದು ಸಂಬಳದ ಉದ್ಯೋಗ. 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ನ್ಯಾಯಾಂಗದ ನೌಕರಿಯಲ್ಲಿದ್ದವರು. 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಅನಂತರದ ಮಾಸ್ತಿಯವರು ಮೈಸೂರು ಸರಕಾರದ ಅಧಿಕಾರಿಗಳಾಗಿದ್ದರು. ಕುವೆಂಪು ಅವರು ಅಧ್ಯಾಪಕರಾಗಿದ್ದರು. ಉದ್ಯೋಗವು ಲೇಖಕನಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ಪುಸ್ತಕ ಮಾರಾಟವಾಗದಿದ್ದರೂ ಮನೆ ನಡೆಯುತ್ತಿತ್ತು. ಆದರೆ ಬರವಣಿಗೆಯು ಕಚೇರಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನ ಕೆಲಸವಾಯಿತು. ‘ಸಾಹಿತ್ಯವು ಸೇವೆ, ಸೇವೆಗೆ ಬೆಲೆಯೇಕೆ?’ ಎಂಬ ಭಾವನೆ ನಮ್ಮಲ್ಲಿ ಬೇರೂರಲು ಇದೂ ಒಂದು ಕಾರಣವಾಗಿರಬೇಕು.

ಈ ಭಾವನೆಗೆ ಮೊದಲ ಉತ್ತರವನ್ನು ಕೊಟ್ಟವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಎಂಬ ಈ ಶಾಲಾ ಶಿಕ್ಷಕರು ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಉತ್ತರ ಕರ್ನಾಟಕದಲ್ಲಿ ಕಾದಂಬರಿಯ ಓದುಗರನ್ನೇ ಸೃಷ್ಟಿಸಿದರು. ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಸಂಗತಿ ಪ್ರಸಿದ್ಧವಾಗಿದೆ. ಇದನ್ನು ಕರುಣೆಯ ಕಥೆಯಾಗಿಯೇ ಹೇಳುವ ವಾಡಿಕೆಯುಂಟು, ಅದಷ್ಟೇ ಸಾಲದು. ಕೊಳ್ಳುವವನ ಅಂಗಳಕ್ಕೆ ಹೋಗಿ ನಿಂತ ಲೇಖಕನಿಗೆ ತನ್ನ ಓದುಗನ ಭಾಷೆ, ಭಕ್ತಿ, ಅಭಿಮಾನಗಳ ಪರಿಚಯವಾಗದೆ ಇರದು. ವಿಜಯನಗರದ ಇತಿಹಾಸವನ್ನು ಕಥೆಯಾಗಿಸಿ ಸಾಮಾನ್ಯ ಜನರ ಮನೆಗೆ ಮುಟ್ಟಿಸಿದ ಅವರ ಸರಳ ಗದ್ಯದ ಹಿಂದೆ ಈ ಅಲೆದಾಟದ ಪಾಠವೂ ಇದೆ ಎಂದು ನನ್ನ ಅಭಿಪ್ರಾಯ.

ಒಬ್ಬರ ಹೆಗಲು ಹೊರಲಾರದ ಈ ಭಾರವನ್ನು ಅನೇಕರು ಹಂಚಿಕೊಳ್ಳುವ ಉಪಾಯವೇ ಗ್ರಂಥಮಾಲೆ. ಇದು ನಮ್ಮ ನಗರಕ್ಕೆ ಅಪರಿಚಿತವಾದುದಲ್ಲ. ಕೊಮರ್ರಾಜು ಲಕ್ಷ್ಮಣರಾಯರು 1906ರಲ್ಲಿ ಹೈದರಾಬಾದಿನಲ್ಲಿಯೇ ವಿಜ್ಞಾನ ಚಂದ್ರಿಕಾ ಮಂಡಲಿಯನ್ನು ಸ್ಥಾಪಿಸಿದರು. ಮುಂದೆ ಮದರಾಸಿಗೆ ಹೋದ ಆ ಮಂಡಲಿಯು ತೆಲುಗಿನಲ್ಲಿ ಮಾಲೆಯಾಗಿ ಗ್ರಂಥಗಳನ್ನು ತಂದುದಲ್ಲದೆ ಕಾದಂಬರಿ ಸ್ಪರ್ಧೆಗಳನ್ನೂ ನಡೆಸಿತು. ಕನ್ನಡದಲ್ಲಿ ಈ ಮಾರ್ಗವನ್ನು ಸುಸ್ಥಿರಗೊಳಿಸಿದ ಕೀರ್ತಿ 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಗೂ ಅದರ ಚಾಲಕರಾದ ಜಿ. ಬಿ. ಜೋಶಿಯವರಿಗೂ ಸಲ್ಲುತ್ತದೆ. ಓದುಗರು ವರ್ಷದ ವರ್ಗಣಿಯನ್ನು ಮುಂಗಡವಾಗಿ ಕೊಡುವರು. ಆ ಹಣದಿಂದ ಆ ವರ್ಷದ ಪುಸ್ತಕಗಳು ಅಚ್ಚಾಗುವುವು. ಪುಸ್ತಕವು ಹುಟ್ಟುವ ಮೊದಲೇ ಅದನ್ನು ಕೊಂಡವರು ಇರುತ್ತಿದ್ದರು.

ಇದರ ಮಹತ್ವವನ್ನು ತಿಳಿಯಲು ಇಂಗ್ಲೆಂಡಿನ ಉದಾಹರಣೆಯೊಂದನ್ನು ನೋಡಬಹುದು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ 1836–37ರಲ್ಲಿ ಒಂದು ಷಿಲಿಂಗ್ ಬೆಲೆಯ ಮಾಸಿಕ ಕಂತುಗಳಾಗಿ ಹೊರಟಿತು. ಅಲ್ಲಿ ಓದುಗನು ಪ್ರತಿ ತಿಂಗಳೂ ಹೊಸದಾಗಿ ನಿರ್ಧರಿಸುವನು. ಆದುದರಿಂದ ಲೇಖಕನು ಪ್ರತಿ ಕಂತಿನ ಕೊನೆಯಲ್ಲಿಯೂ ಅವನ ಕುತೂಹಲವನ್ನು ಉಳಿಸಿಕೊಳ್ಳಬೇಕು. ಮಾಲೆಯ ವರ್ಗಣಿದಾರನು ಒಂದು ಕೃತಿಯನ್ನಲ್ಲ, ಸಂಪಾದಕನ ಅಭಿರುಚಿಯನ್ನು ನಂಬಿ ಹಣ ಕೊಡುವವನು. ಸಂಪ್ರದಾಯವನ್ನು ನಿಷ್ಠುರವಾಗಿ ಪರೀಕ್ಷಿಸಿದ ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಈ ಮಾಲೆಯಿಂದ ಹೊರಬಂದಿತು. ಪ್ರಯೋಗಕ್ಕೆ ಧೈರ್ಯವು ಲೇಖಕನದಾದರೂ ಅದಕ್ಕೆ ನೆಲೆಯನ್ನು ಒದಗಿಸಿದವರು ಹೆಸರಿಲ್ಲದ ವರ್ಗಣಿದಾರರು.

ಅನಕೃ ಅವರದು (1908–1971) ಇನ್ನೊಂದು ಮಾರ್ಗ. ಬರವಣಿಗೆಯನ್ನೇ ವೃತ್ತಿಯಾಗಿ ನಂಬಿ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದ ಅವರನ್ನು ‘ಅತಿಯಾಗಿ ಬರೆದವರು’ ಎಂದು ಆಕ್ಷೇಪಿಸುವುದು ಸುಲಭ. ಪ್ರತಿ ಪುಸ್ತಕದ ಸಂಭಾವನೆಯಿಂದ ಮುಂದಿನ ಪುಸ್ತಕದವರೆಗೆ ಸಂಸಾರ ಸಾಗಬೇಕಾದಾಗ ಬರಹದ ವೇಗವು ಕೇವಲ ಸ್ವಭಾವದ ಮಾತಾಗಿ ಉಳಿಯುವುದಿಲ್ಲವೆಂಬುದನ್ನು ಆಕ್ಷೇಪಿಸುವವರು ನೆನೆಯಬೇಕು. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನು ನಡೆಸಿ, ಪ್ರಕಾಶಕರೂ ತಾವೇ ಆಗಿ, ಯಾರ ಹಂಗೂ ಇಲ್ಲದೆ ಬರೆದರು. ಅದಕ್ಕಾಗಿ ಅಚ್ಚಿನ ಮನೆಯ ಸಕಲ ಕಷ್ಟಗಳನ್ನೂ ಹೊತ್ತರು. ತ್ರಿವೇಣಿಯಂಥವರ (1928–1963) ಕಾದಂಬರಿಗಳನ್ನು ಬಾಡಿಗೆ ವಾಚನಾಲಯಗಳಿಂದ ತಂದು ಓದಿದ ಮನೆಗಳು ಅಸಂಖ್ಯ. ಆದರೆ ಹಾಗೆ ಒಂದು ಪ್ರತಿಯನ್ನು ನೂರು ಜನ ಓದಿದರೂ ಲೇಖಕಿಗೆ ದೊರೆಯುವುದು ಒಂದೇ ಪ್ರತಿಯ ಗೌರವಧನ. ಜನಪ್ರಿಯತೆಯೂ ಆದಾಯವೂ ಒಂದೇ ಅಲ್ಲ.

ಕಾನೂನಿನ ವಿಷಯವನ್ನು ಕಾದಂಬರಿಕಾರರು ಅಲಕ್ಷಿಸುವುದುಂಟು. 1957ರ ಕೃತಿಸ್ವಾಮ್ಯ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಹಕ್ಕಿನ ವರ್ಗಾವಣೆಯು ಬರಹದಲ್ಲಿರಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದು ಭಾವಿಸಲಾಗುವುದು. ಲೇಖಕನ ಮರಣಾನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ ಅನಕೃ ಕೃತಿಗಳ ಸ್ವಾಮ್ಯವು 2031ರ ಕೊನೆಯವರೆಗೂ ಜೀವಂತ. ಒಂದಿಷ್ಟು ಹಣಕ್ಕೆ ಹಕ್ಕನ್ನೆಲ್ಲ ಬರೆದುಕೊಡುವ ಲೇಖಕನು ತನ್ನದನ್ನಷ್ಟೇ ಅಲ್ಲ, ಮೊಮ್ಮಕ್ಕಳ ಪಾಲನ್ನೂ ಕೊಟ್ಟಂತಾಯಿತು.

ಇಂದು ಬೇಡಿಕೆಗೆ ತಕ್ಕಷ್ಟೇ ಪ್ರತಿಗಳನ್ನು ಮುದ್ರಿಸುವ ಯಂತ್ರಗಳಿವೆ. ಕಿವಿಯಿಂದ ಕೇಳುವ ಕಾದಂಬರಿಗಳು ಬಂದಿವೆ. ಅಂತರ್ಜಾಲದಲ್ಲಿ ಮುಂಗಡವಾಗಿ ಪ್ರತಿಯನ್ನು ಕಾದಿರಿಸುವ ಏರ್ಪಾಡಿದೆ. ಸಾಧನಗಳು ಹೊಸವು, ಮುಂಗಡದ ತತ್ತ್ವ ಮಾತ್ರ ಹಳೆಯ ವರ್ಗಣಿಯದೇ. ಕರ್ನಾಟಕದಲ್ಲಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯು ಪ್ರಕಾಶನಕ್ಕೆ ದೊಡ್ಡ ಆಸರೆಯಾಗಿದೆ. ಆದರೆ ಸರಕಾರವು ಪುಸ್ತಕವನ್ನು ಕೊಳ್ಳಬಲ್ಲುದೇ ಹೊರತು ಓದಲಾರದು.

1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ನಗರದ ಕನ್ನಡಿಗರು ಇಲ್ಲಿಯೇ ಉಳಿದೆವು. ಹೊರನಾಡಿನಲ್ಲಿದ್ದು ಕನ್ನಡಕ್ಕೆ ಏನು ಮಾಡಬಹುದೆಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಸನ್ಮಾನ, ಹಾರ, ಶಾಲುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೇಲಿನ ಚರಿತ್ರೆಯು ಸೂಚಿಸುವ ಕೆಲಸ ಅದಕ್ಕಿಂತ ಚಿಕ್ಕದು, ಹೆಚ್ಚು ಫಲಕಾರಿಯಾದುದು: ಇನ್ನೂ ಹೆಸರಾಗದ ಕಾದಂಬರಿಕಾರನೊಬ್ಬನ ಪುಸ್ತಕಕ್ಕೆ, ಅದು ಅಚ್ಚಾಗುವ ಮೊದಲೇ, ಪೂರ್ಣ ಬೆಲೆಯನ್ನು ಕೊಡುವುದು. ಅರಮನೆಯು ಸರ್ಶಾರರಿಗೆ ಮಾಡಿದ್ದನ್ನು ನೂರು ಮನೆಗಳು ಕೂಡಿ ಮಾಡಲಾರವೆಂದು ಹೇಳುವುದಕ್ಕೆ ಆಧಾರವಿಲ್ಲ. ಧಾರವಾಡವು ಮಾಡಿ ತೋರಿಸಿದೆ.