ಸಾಲುಧೂಪ

ಮೂಡುಬಿದಿರೆಯಿಂದ ಕಾರ್ಕಳದ ಕಡೆಗೆ ಹೊರಟು ಅಲಂಗಾರು ದಾಟಿದರೆ ಬೆಳುವಾಯಿ. ಹೆದ್ದಾರಿ 13 ಎಂದು ನಮ್ಮ ಬಾಯಿಗೆ ರೂಢಿಯಾಗಿದ್ದ ಈ ರಸ್ತೆಗೆ 2010ರಲ್ಲಿ 169 ಎಂಬ ಹೊಸ ಸಂಖ್ಯೆ ಸಿಕ್ಕಿತು. ಆಮೇಲೆ ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ 45 ಕಿಲೋಮೀಟರನ್ನು ಚತುಷ್ಪಥ ಮಾಡುವ ಯೋಜನೆ ಬಂತು. ರಸ್ತೆ ಅಗಲವಾಗುವುದಕ್ಕೆ ನನ್ನ ತಕರಾರಿಲ್ಲ. ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಬಸ್ಸು ಬಂದಾಗೆಲ್ಲ ಚರಂಡಿಯ ಅಂಚಿಗೆ ಸರಿದು ನಿಂತ ಹೆಂಗಸರನ್ನು ಕೇಳಿ, ಅದು ಯಾಕೆ ಬೇಕೆಂದು ಅವರೇ ಹೇಳುತ್ತಾರೆ. ನನ್ನ ಪ್ರಶ್ನೆ ಬೇರೆ. ಕಡಿದ ಮರದ ಬದಲಿಗೆ ಯಾವ ಮರ, ಎಲ್ಲಿ?

ದಾರಿಬದಿಯ ಮರಗಳು ತಾವಾಗಿ ಹುಟ್ಟಿಕೊಂಡವು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರ ನೆಡಿಸಿದ್ದನ್ನು ಅಶೋಕ ಕಲ್ಲಿನ ಕಂಬದ ಮೇಲೆ ಕೆತ್ತಿಸಿದ್ದಾನೆ. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತಷ್ಟೆ. 1884ರ ಕಾಯಿದೆಯಿಂದ ಹುಟ್ಟಿದ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳಿಗೆ ರಸ್ತೆಯ ಜೊತೆಗೆ ಸಾಲುಮರಗಳ ಉಸ್ತುವಾರಿಯೂ ಇತ್ತು. ಮಾವು, ಹುಣಸೆಯ ಫಸಲನ್ನು ಏಲಂ ಹಾಕಿದ ಹಣ ಬೋರ್ಡಿನ ಖಾತೆಗೆ ಹೋಗುತ್ತಿತ್ತು. ಮರ ಎಂದರೆ ಆಗ ಲೆಕ್ಕದ ಪುಸ್ತಕದಲ್ಲಿ ಆದಾಯದ ಬಾಬತ್ತು. ಈಗ ರಸ್ತೆಗೆ ಅಡ್ಡ ಬರುವ ಬಾಬತ್ತು.

ನಮ್ಮ ಕಡೆಯ ರಸ್ತೆಗಳಿಗೆ ಗೋಳಿ, ಹಲಸು, ಮಾವುಗಳ ಜೊತೆ ಇನ್ನೊಂದು ಮರ ಒಗ್ಗಿಬಂದಿತ್ತು, ಧೂಪ. ಕನ್ನಡದಲ್ಲಿ ಇದರ ಪೂರ್ತಿ ಹೆಸರು ಸಾಲುಧೂಪ. ಹೆಸರಿನಲ್ಲೇ ಸಾಲು ಇದೆ ನೋಡಿ! ಪಶ್ಚಿಮ ಘಟ್ಟದ ಸೀಮೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಈ ಮರವನ್ನು ಕರಾವಳಿಯಲ್ಲೂ ಮಲೆನಾಡಿನಲ್ಲೂ ರಸ್ತೆಯ ಬದಿಗೆ ತಂದು ನೆಟ್ಟರು. ವರ್ಷವಿಡೀ ಹಸುರು, ದಟ್ಟ ನೆರಳು. ಬಿಳಿಯ ಹೂವಿಗೆ ಒಳ್ಳೆಯ ಪರಿಮಳ. ತೊಗಟೆ ಗಾಯಗೊಂಡಲ್ಲಿ ಒಸರುವ ರಾಳವೇ ದೇವರ ಮುಂದೆ ಕೆಂಡಕ್ಕೆ ಉದುರಿಸುವ ಧೂಪ. ಬೀಜದಿಂದ ಬೆಣ್ಣೆಯ ಹಾಗೆ ಗಟ್ಟಿಯಾದ ಕೊಬ್ಬು ಬರುತ್ತದೆ. ದೀಪಕ್ಕೆ, ಮೋಂಬತ್ತಿಗೆ, ಸಾಬೂನಿಗೆ ಅದು ಸಲ್ಲುತ್ತಿತ್ತು. ಮಳೆಗಾಲದ ಮೊದಲಿಗೆ ಕಾಯಿ ಹೆಕ್ಕಿ, ಒಣಗಿಸಿ, ಅಂಗಡಿಗೆ ಮಾರಿ ನಾಲ್ಕು ಕಾಸು ಕಂಡ ಹೆಂಗಸರು ನಮ್ಮ ಊರುಗಳಲ್ಲಿ ಬಹಳ ಮಂದಿ. ಆ ಕಾಸಿಗೆ ಗಂಡಸರ ಲೆಕ್ಕ ಇರುತ್ತಿರಲಿಲ್ಲ ಎಂಬುದೂ ಒಂದು ಸುಖ.

ಪಾಲೆಯ ಮರದ ಕತೆಯೂ ಹೀಗೆಯೇ. ಆಟಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯ ಮೂಡುವ ಮೊದಲು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ಕೆತ್ತೆಯ ಕಷಾಯ ಕುಡಿಯದ ಮನೆ ತುಳುನಾಡಿನಲ್ಲಿ ಅಪರೂಪ. ಹಿತ್ತಿಲಿಲ್ಲದ ಪೇಟೆಯ ಮನೆಯವರಿಗೆ ರಸ್ತೆಬದಿಯ ಪಾಲೆಯೇ ಗತಿ. ಅದೂ ಹೋದರೆ? ಪೇಟೆಯಲ್ಲಿ ಈಗ ಕೆತ್ತೆ ಮಾರಾಟಕ್ಕೆ ಬರುತ್ತದೆ. ಆದರೆ ಪಾಲೆಯೋ ಕಾಸರಕವೋ ಎಂದು ಗುರುತಿಸುವ ಕಣ್ಣು ಮಾರಾಟಕ್ಕೆ ಸಿಗುವುದಿಲ್ಲ. ಕಾಸರಕ ವಿಷ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ ಮರ ಸಂರಕ್ಷಣಾ ಕಾಯಿದೆ 1976ರದ್ದು. ಸಾರ್ವಜನಿಕ ಕೆಲಸಕ್ಕಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ಹೆಂಗಸರ ಸಂಘದವರು ಇದನ್ನು ನೆನಪಿಡಿ. ಕಡಿದ ಮೇಲೆ ಅದೇ ಜಾತಿಯ ಅಥವಾ ಬೇರೆ ಸೂಕ್ತ ಜಾತಿಯ ಗಿಡವನ್ನು ಅದೇ ಜಾಗದಲ್ಲಿ ಅಥವಾ ಬೇರೆ ಸೂಕ್ತ ಜಾಗದಲ್ಲಿ ನೆಡಬೇಕೆಂಬ ಷರತ್ತು ಹಾಕುವುದಕ್ಕೂ ಅವಕಾಶ ಇದೆ. ಎಲ್ಲ ಜಾರುವುದು ಆ 'ಅಥವಾ' ಎಂಬಲ್ಲಿ. ಅದೇ ಜಾತಿ ಬೇರೆ ಜಾತಿಯಾಗುತ್ತದೆ, ಅದೇ ಜಾಗ ಎಲ್ಲೋ ಗುಡ್ಡದ ಮೇಲಿನ ಜಾಗವಾಗುತ್ತದೆ. ಲೆಕ್ಕ ಸರಿ, ನೆರಳು ಮಾತ್ರ ಬಸ್ಸಿಗೆ ಕಾಯುವವಳ ತಲೆಯ ಮೇಲೆ ಇಲ್ಲ.

ಬೇರೆ ಜಾತಿ ಎಂದರೆ ಸಾಮಾನ್ಯವಾಗಿ ಬೇಗ ಬೆಳೆದು ಬೇಗ ಹೂ ಬಿಡುವುದು. ಮಡಗಾಸ್ಕರದ ಗುಲ್‌ಮೊಹರ್, ಅಮೆರಿಕ ಖಂಡದ ಮಳೆಮರ. ಅವು ಚೆಂದವೇ, ನನಗೂ ಇಷ್ಟ. ಆದರೆ ಬೆಳುವಾಯಿಯಲ್ಲೇ ಸಮ್ಮಿಲನ್ ಶೆಟ್ಟಿಯವರು ಬೆಳೆಸಿದ ಚಿಟ್ಟೆ ಪಾರ್ಕ್ ಇದೆಯಲ್ಲ, ಅಲ್ಲಿಗೆ ಹೋಗಿ ಬಂದವರಿಗೆ ಒಂದು ವಿಷಯ ತಿಳಿದಿರುತ್ತದೆ. ಚಿಟ್ಟೆ ಮಕರಂದವನ್ನು ಎಲ್ಲಿ ಬೇಕಾದರೂ ಕುಡಿದೀತು. ಮೊಟ್ಟೆ ಇಡುವುದಕ್ಕೆ ಮಾತ್ರ ತನ್ನದೇ ಗಿಡ ಬೇಕು. ನಮ್ಮ ರಾಜ್ಯದ ಚಿಟ್ಟೆಯಾದ ದೊಡ್ಡ ಸಹ್ಯಾದ್ರಿ ಚಿಟ್ಟೆಯ ಮರಿಗೆ ಈಶ್ವರಿ ಬಳ್ಳಿಯ ಜಾತಿಯ ಎಲೆಯೇ ಆಗಬೇಕು. ಪಾರ್ಕಿನಲ್ಲಿ ಬೆಳೆಸಿದ್ದು ಅಂಥ ಗಿಡಗಳನ್ನು.

ನೆಟ್ಟರೆ ಮುಗಿಯುವುದಿಲ್ಲ ಎನ್ನುವುದನ್ನು ಮಾಗಡಿ ಸೀಮೆಯ ತಿಮ್ಮಕ್ಕನಿಗಿಂತ ಚೆನ್ನಾಗಿ ತಿಳಿದವರು ಯಾರು? ಹುಲಿಕಲ್ಲಿನಿಂದ ಕುದೂರಿನವರೆಗೆ ಆಕೆ ಗಂಡ ಚಿಕ್ಕಯ್ಯನ ಜೊತೆ ಆಲದ ಗಿಡ ನೆಟ್ಟದ್ದು ಮೊದಲ ವರ್ಷ ಹತ್ತೇ ಹತ್ತು. ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ಕೊನೆಗೆ ನಾಲ್ಕು ಕಿಲೋಮೀಟರಿನ ಉದ್ದಕ್ಕೆ 380ಕ್ಕೂ ಹೆಚ್ಚು ಮರ. 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡಲು ಹೊರಟಾಗ ಆ ಸಾಲಿಗೇ ಕುತ್ತು ಬಂತು. ಪದ್ಮಶ್ರೀ ಪಡೆದ ವರ್ಷದಲ್ಲೇ ಆ ಅಜ್ಜಿ ತನ್ನ ಮರಗಳನ್ನು ಉಳಿಸಿಕೊಡಿ ಎಂದು ಸರಕಾರವನ್ನು ಕೇಳಬೇಕಾಯಿತು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡರು.

ನಮ್ಮ ರಸ್ತೆಗೆ ಸಾಲುಧೂಪ ಮತ್ತೆ ಬರಬೇಕಾದರೆ ಒಂದು ತೊಡಕಿದೆ. ಅದರ ಬೀಜ ಕೂಡಿಡುವಂಥದಲ್ಲ. ಮಳೆ ಹಿಡಿಯುವ ಹೊತ್ತಿಗೆ ಬೀಳುತ್ತದೆ, ಕೆಲವೇ ದಿನಗಳಲ್ಲಿ ಮಣ್ಣು ಕಾಣದಿದ್ದರೆ ಸತ್ತುಹೋಗುತ್ತದೆ. ಟೆಂಡರು ಕರೆದು ಬಿಲ್ಲು ಪಾಸಾಗುವವರೆಗೆ ಅದು ಕಾಯುವುದಿಲ್ಲ. ಇನ್ನೂ ಉಳಿದಿರುವ ಒಂದು ಮರ ನಿಮ್ಮ ಊರಿನಲ್ಲಿದ್ದರೆ ಜೂನ್ ತಿಂಗಳಲ್ಲಿ ಅದರ ಬುಡಕ್ಕೆ ಹೋಗಿ, ಒಂದು ಚೀಲ ತೆಗೆದುಕೊಂಡು.