ಎರಡು ಡ್ರೈವ್, ಎರಡು ಓಎಸ್: ಒಂದು ಕಾಣೆಯಾದರೆ ಫಾರ್ಮ್ಯಾಟ್ ಮಾಡಲೇಬೇಕೇ?

“ವಿಂಡೋಸ್ ಅಪ್‌ಡೇಟ್ ಆದಮೇಲೆ ಲಿನಕ್ಸ್ ಮಾಯವಾಯಿತು.” “ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಹೋಯಿತು.” ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡವರು ಹೀಗೆ ದೂರುವುದುಂಟು. ಅದಕ್ಕೆ ಗ್ರೂಪುಗಳಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: “ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ.”

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರಿಗೆ ಇನ್ನೊಂದು ಎಸ್‌ಎಸ್‌ಡಿ ಹಾಕಿಸಿ, ಅದರಲ್ಲಿ ಉಬುಂಟುವಿನಂಥ ಲಿನಕ್ಸ್ ಬಳಸಿ ನೋಡೋಣ ಎನ್ನುವವರಿಗೆ ಈ ಪ್ರಶ್ನೆ ಎಂದಾದರೂ ಎದುರಾಗಬಹುದು. ಈ ಸಲಹೆ ಸರಿಯೇ?

ಚುಟುಕಾಗಿ ಉತ್ತರ: ಸರಿಯಲ್ಲ. ಬೇರೆ ಬೇರೆ ಡ್ರೈವಿನಲ್ಲಿ ಎರಡು ಓಎಸ್ ಇದ್ದು ಒಂದು ಶುರುವಾಗದಿದ್ದರೆ, ಸಾಮಾನ್ಯವಾಗಿ ಕೆಟ್ಟಿರುವುದು ಅದಕ್ಕೆ ಹೋಗುವ ದಾರಿ ಮಾತ್ರ. ಓಎಸ್ ಮತ್ತು ನಿಮ್ಮ ಫೈಲುಗಳು ಇದ್ದಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಅವು ನಿಜವಾಗಿಯೂ ಹೋಗುತ್ತವೆ.

ಆನ್ ಮಾಡಿದಾಗ ಏನಾಗುತ್ತದೆ?

ಪವರ್ ಬಟನ್ ಒತ್ತಿದ ಕೂಡಲೇ ಏಳುವುದು ವಿಂಡೋಸ್ ಅಲ್ಲ, ಲಿನಕ್ಸ್ ಕೂಡ ಅಲ್ಲ. ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ ಎಂಬ ತಂತ್ರಾಂಶ. ಜನ ಇದನ್ನು ಈಗಲೂ ಬಯೋಸ್ ಎಂದೇ ಕರೆಯುತ್ತಾರೆ. ಯಾವ ಡ್ರೈವಿನ ಯಾವ ಫೈಲಿನಿಂದ ಶುರು ಮಾಡಬೇಕು ಎಂಬ ಸಣ್ಣ ಪಟ್ಟಿ ಅದರ ಬಳಿ ಇರುತ್ತದೆ. ಆ ಫೈಲು ಇರುವುದು ಡ್ರೈವಿನ ಇಎಫ್‌ಐ ವಿಭಾಗ ಎಂಬ ಪುಟ್ಟ ಜಾಗದಲ್ಲಿ. ಆ ಫೈಲು ಓಎಸ್ ಅನ್ನು ಎಬ್ಬಿಸುತ್ತದೆ.

ಪಟ್ಟಿಯಲ್ಲಿ ಹೆಸರು ಅಳಿಸಿಹೋದರೆ, ಸಾಲು ಅದಲುಬದಲಾದರೆ ಅಥವಾ ಆ ಪುಟ್ಟ ಫೈಲು ಕೆಟ್ಟರೆ ಓಎಸ್ “ಕಾಣೆ”ಯಾಗುತ್ತದೆ. ಮನೆಯ ನಾಮಫಲಕ ಬಿದ್ದರೆ ಮನೆಯೇ ಬಿದ್ದಂತಲ್ಲ. ಇದೂ ಹಾಗೆಯೇ.

ಸೆಟ್ಟಿಂಗ್ ಮುಟ್ಟುವ ಮುನ್ನ: ಬಿಟ್‌ಲಾಕರ್ ಕೀ

ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಡ್ರೈವ್ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರಬಹುದು. ಆಗ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆದರೂ, ನಿಮ್ಮ ಸಾಧನದ ವಿವರದಲ್ಲಿ ಆ ಕೀ ಸಾಮಾನ್ಯವಾಗಿ ಸಿಗುತ್ತದೆ. ಮೊದಲೇ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ.

ಇಲ್ಲಿ ತಮಾಷೆ ಇಲ್ಲ. ಕೀ ಎಲ್ಲೂ ಉಳಿದಿಲ್ಲವಾದರೆ ಮೈಕ್ರೋಸಾಫ್ಟ್ ಕೂಡ ಅದನ್ನು ಮತ್ತೆ ಮಾಡಿಕೊಡಲಾರದು.

ಮೊದಲ ಪರೀಕ್ಷೆ: ಬಯೋಸ್‌ಗೆ ಡ್ರೈವ್ ಕಾಣುತ್ತಿದೆಯೇ?

ಬಯೋಸ್ ಒಳಗೆ ಹೋಗಿ ಎರಡೂ ಡ್ರೈವಿನ ಹೆಸರು ಇದೆಯೇ ನೋಡಿ.

• *ಒಂದು ಡ್ರೈವ್ ಕಾಣುವುದೇ ಇಲ್ಲ:* ಇದು ಓಎಸ್ ಸಮಸ್ಯೆಯಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕೇಬಲ್ ಅಥವಾ ಎಂ.2 ಎಸ್‌ಎಸ್‌ಡಿ ಸಡಿಲವಾಗಿದೆಯೇ ನೋಡಿ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ನಿಂತುಹೋಗುತ್ತವೆ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ.

• *ಬಯೋಸ್‌ನಲ್ಲಿದೆ, ಲಿನಕ್ಸ್‌ಗೆ ಮಾತ್ರ ಕಾಣದು:* ಡ್ರೈವ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿ ಇರಬಹುದು. ಅದನ್ನು ಏಕಾಏಕಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಹಾಗಾದರೆ ಗಾಬರಿ ಬೇಡ, ಮೊದಲಿದ್ದ ಮೋಡ್‌ಗೆ ಮರಳಿಸಿ.

• *ಎರಡೂ ಕಾಣುತ್ತಿವೆ:* ಒಳ್ಳೆಯ ಸುದ್ದಿ. ಮುಂದಿನ ಹೆಜ್ಜೆಗೆ ಹೋಗಿ.

ಎರಡನೇ ಪರೀಕ್ಷೆ: ಬೂಟ್ ಮೆನು

ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಯನ್ನು ಬಿಟ್ಟು ಬಿಟ್ಟು ಒತ್ತಿ. ಡೆಲ್ ಮತ್ತು ಲೆನೊವೊ ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ “ವಿಂಡೋಸ್ ಬೂಟ್ ಮ್ಯಾನೇಜರ್” ಮತ್ತು “ಉಬುಂಟು” ಎರಡೂ ಇದ್ದರೆ, ಬೇಕಾದ್ದನ್ನು ಆರಿಸಿ.

ಅದು ಶುರುವಾಯಿತೇ? ಹಾಗಾದರೆ ಬದಲಾಗಿದ್ದು ಸಾಲು ಮಾತ್ರ. ದೊಡ್ಡ ವಿಂಡೋಸ್ ಅಪ್‌ಡೇಟ್ ಅಥವಾ ಬಯೋಸ್ ಅಪ್‌ಡೇಟ್ ನಂತರ ಹೀಗಾಗುವುದುಂಟು. ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಬೇಕಾದ ಹೆಸರನ್ನು ಮೇಲಕ್ಕೆ ತಂದು ಸೇವ್ ಮಾಡಿದರೆ ಕೆಲಸ ಮುಗಿಯಿತು.

ಬೂಟ್ ಮೆನುವಿನಲ್ಲಿ ವಿಂಡೋಸ್ ಇದೆ, ಆದರೆ ಲಿನಕ್ಸ್‌ನ ಗ್ರಬ್ ಮೆನುವಿನಲ್ಲಿ ಇಲ್ಲ ಎಂದಾದರೆ ಕಾರಣ ಬೇರೆ. ಇತರ ಓಎಸ್‌ಗಳನ್ನು ಹುಡುಕುವ ಸೌಲಭ್ಯವನ್ನು 2021ರಲ್ಲಿ ಬಂದ ಗ್ರಬ್ 2.06 ಸುರಕ್ಷತೆಗಾಗಿ ಮೊದಲಿನಿಂದಲೇ ಆಫ್ ಮಾಡಿಟ್ಟಿದೆ. ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಮೆನುವನ್ನು ಅಪ್‌ಡೇಟ್ ಮಾಡಬೇಕು. ಅಲ್ಲಿಯವರೆಗೆ ಬೂಟ್ ಮೆನುವಿನಿಂದಲೇ ವಿಂಡೋಸ್‌ಗೆ ಹೋಗಬಹುದು.

“ಡ್ರೈವ್ ಬೇರೆ ಬೇರೆ, ಒಂದರಿಂದ ಇನ್ನೊಂದಕ್ಕೆ ತೊಂದರೆಯಿಲ್ಲ” – ಇದು ನಿಜವೇ?

ಅರ್ಧ ಮಾತ್ರ ನಿಜ. ಫೈಲುಗಳ ಮಟ್ಟಿಗೆ ಅವು ಬೇರೆ. ಆದರೆ ಬೂಟ್ ಫೈಲುಗಳು ಒಂದೇ ಡ್ರೈವಿನಲ್ಲಿ ಸೇರಿಕೊಂಡಿರಬಹುದು.

ಉಬುಂಟುವಿನ ಹಳೆಯ ಇನ್‌ಸ್ಟಾಲರಿನಲ್ಲಿ ಹೆಸರಾದ ಒಂದು ದೋಷವಿತ್ತು. ಬೂಟ್‌ಲೋಡರ್‌ಗೆ ನೀವು ಎರಡನೇ ಡ್ರೈವ್ ಆರಿಸಿದರೂ, ಅದು ಮೊದಲ ಡ್ರೈವಿನಲ್ಲಿದ್ದ ವಿಂಡೋಸ್‌ನ ಇಎಫ್‌ಐ ವಿಭಾಗದಲ್ಲೇ ಫೈಲು ಇಡುತ್ತಿತ್ತು. ಲಿನಕ್ಸ್ ಇರುವ ಡ್ರೈವ್ ಜೊತೆಗಿರುವಾಗ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಹೀಗೆ ಮಾಡಬಹುದು. ಮುಂದೆ “ವಿಂಡೋಸ್ ಬೇಡ” ಎಂದು ಆ ಡ್ರೈವ್ ತೆಗೆದರೆ ಲಿನಕ್ಸ್ ಕೂಡ ಏಳುವುದಿಲ್ಲ. ಲಿನಕ್ಸ್ ಡ್ರೈವಿನ ಫೈಲುಗಳಿಗೆ ಮಾತ್ರ ಏನೂ ಆಗಿರುವುದಿಲ್ಲ.

ಪರಿಹಾರ: ಲೈವ್ ಯುಎಸ್‌ಬಿಯಿಂದ ಲಿನಕ್ಸ್ ತೆರೆದು, ಬೂಟ್-ರಿಪೇರ್‌ನಂಥ ಸಾಧನದಿಂದ ಸರಿಯಾದ ಡ್ರೈವಿಗೆ ಬೂಟ್‌ಲೋಡರ್ ಮತ್ತೆ ಹಾಕಬಹುದು. ಹೊಸದಾಗಿ ಓಎಸ್ ಹಾಕುವವರಿಗೆ ಇನ್ನೂ ಸುಲಭದ ದಾರಿಯಿದೆ: ಇನ್‌ಸ್ಟಾಲ್ ಮುಗಿಯುವವರೆಗೆ ಇನ್ನೊಂದು ಡ್ರೈವನ್ನು ಕಳಚಿಡಿ. ಎರಡಕ್ಕೂ ಯುಇಎಫ್‌ಐ ಮೋಡ್ ಅನ್ನೇ ಬಳಸಿ. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಆದರೆ ಒಂದೇ ಮೆನುವಿನಿಂದ ಎರಡನ್ನೂ ತೆರೆಯುವುದು ಕಷ್ಟ.

“ವಿಂಡೋಸ್ ಅಪ್‌ಡೇಟ್ ಲಿನಕ್ಸ್ ಅಳಿಸುತ್ತದೆ” – ಇದು ನಿಜವೇ?

ಈ ಮಾತಿನ ಹಿಂದೆ ಒಂದು ನಿಜ ಘಟನೆ ಇದೆ. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ಭದ್ರತಾ ಅಪ್‌ಡೇಟ್ ನಂತರ ಅನೇಕರ ಲಿನಕ್ಸ್ ಶುರುವಾಗಲಿಲ್ಲ. ಎಸ್‌ಬ್ಯಾಟ್ ಪರೀಕ್ಷೆ ವಿಫಲವಾಗಿದೆ, ಏನೋ ಗಂಭೀರ ತಪ್ಪಾಗಿದೆ ಎಂಬ ಸಂದೇಶ ತೋರಿಸಿ ಕಂಪ್ಯೂಟರ್ ಆಫ್ ಆಗುತ್ತಿತ್ತು.

ಆಗಿದ್ದೇನು? ದೋಷವಿರುವ ಹಳೆಯ ಬೂಟ್‌ಲೋಡರುಗಳನ್ನು ಸೆಕ್ಯೂರ್ ಬೂಟ್ ತಡೆಯಲಿ ಎಂದು ಮೈಕ್ರೋಸಾಫ್ಟ್ ಹೊಸ ನಿಯಮ ಸೇರಿಸಿತ್ತು. ಎರಡು ಓಎಸ್ ಇರುವ ಕಂಪ್ಯೂಟರಿಗೆ ಅದು ಅನ್ವಯಿಸಬಾರದಿತ್ತು. ಆದರೆ ಕೆಲವು ಬಗೆಯ ಜೋಡಣೆಗಳನ್ನು ಅಪ್‌ಡೇಟ್ ಗುರುತಿಸಲಿಲ್ಲ. ಕಂಪನಿ ಇದನ್ನು ಒಪ್ಪಿಕೊಂಡಿತು. 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ ಸಮಸ್ಯೆ ಬಗೆಹರಿದಿದೆ ಎಂದು ಪ್ರಕಟಿಸಿತು.

ಗಮನಿಸಿ: ಯಾವ ಫೈಲೂ ಅಳಿಸಿರಲಿಲ್ಲ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿದರೆ ಲಿನಕ್ಸ್ ತೆರೆಯುತ್ತಿತ್ತು. ಅಲ್ಲಿ ಎಸ್‌ಬ್ಯಾಟ್ ನಿಯಮ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಹೋಗಿ ಬಂದು, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಬಹುದಿತ್ತು. ಆ ದಿನಗಳಲ್ಲಿ ಫಾರ್ಮ್ಯಾಟ್ ಮಾಡಿದವರು ಕಳೆದುಕೊಂಡದ್ದು ವೃಥಾ.

ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪಿದೆಯೇ?

ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. “ವೈರಸ್ ಬಂದಿದೆ”, “ಬ್ಯಾಟರಿ ಸತ್ತಿದೆ” ಎಂದು ಹೇಳುವವರಿದ್ದಾರೆ. ಎರಡೂ ಅಲ್ಲ.

ಮದರ್‌ಬೋರ್ಡಿನ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತಿದೆ ಎಂದು ವಿಂಡೋಸ್ ನಂಬುತ್ತದೆ. ಅದು ಅಂತರರಾಷ್ಟ್ರೀಯ ಯುಟಿಸಿ ಸಮಯ ಎಂದು ಲಿನಕ್ಸ್ ನಂಬುತ್ತದೆ. ಭಾರತೀಯ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ವ್ಯತ್ಯಾಸ ಅಷ್ಟೇ ಬರುವುದು ಇದಕ್ಕೇ. ಎರಡರಲ್ಲಿ ಒಂದು ಓಎಸ್‌ನ ಸೆಟ್ಟಿಂಗ್ ಬದಲಿಸಿದರೆ ಸಾಕು. ಎರಡನ್ನೂ ಬದಲಿಸಿದರೆ ಮತ್ತೆ ತಪ್ಪುತ್ತದೆ. ಸಮಯ ತಪ್ಪಿದ್ದಾಗ ಬ್ರೌಸರ್ ಕೆಲವು ತಾಣಗಳನ್ನು “ಸುರಕ್ಷಿತವಲ್ಲ” ಎನ್ನಲೂಬಹುದು.

ಪ್ರತಿ ಸಲ ಪ್ಲಗ್ ತೆಗೆದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಅನುಮಾನಿಸಿ. ಡೆಸ್ಕ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಸಿಆರ್2032. ಅದು ಸತ್ತರೆ ಬಯೋಸ್ ಸೆಟ್ಟಿಂಗ್‌ಗಳೂ ಮೊದಲಿನಂತಾಗಿ ಬೂಟ್ ಆರ್ಡರ್ ಬದಲಾಗಬಹುದು.

ವಿಂಡೋಸ್ ಡ್ರೈವಿಗೆ ಲಿನಕ್ಸ್‌ನಿಂದ ಫೈಲು ಹಾಕಲು ಆಗುತ್ತಿಲ್ಲವೇ?

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಡ್ರೈವಿಗೆ ಬರೆದರೆ ಡೇಟಾ ಕೆಡಬಹುದೆಂದು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ ಅಥವಾ ತೆರೆಯುವುದೇ ಇಲ್ಲ. ಒತ್ತಾಯದಿಂದ ತೆರೆಯಬೇಡಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಇಲ್ಲವೇ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಲಿನಕ್ಸ್‌ಗೆ ಹೋಗಿ.

ವಿಂಡೋಸ್ ತಾನೇ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದರೆ?

ಎಲ್ಲಕ್ಕಿಂತ ಅಪಾಯದ ಕ್ಷಣ ಇದು. ಲಿನಕ್ಸ್ ಬಳಸುವ ಎಕ್ಸ್‌ಟಿ4 ಮಾದರಿಯ ಡ್ರೈವನ್ನು ವಿಂಡೋಸ್ ತಾನಾಗಿ ಓದಲಾರದು. ಆದ್ದರಿಂದ ಕೆಲವೊಮ್ಮೆ “ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು” ಎನ್ನುತ್ತದೆ. ಡ್ರೈವ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ, ವಿಂಡೋಸ್‌ಗೆ ಆ ಭಾಷೆ ಬರುವುದಿಲ್ಲ ಎಂದಷ್ಟೇ ಅರ್ಥ. ಕ್ಯಾನ್ಸಲ್ ಒತ್ತಿ. ಎಸ್‌ಎಸ್‌ಡಿಯಲ್ಲಂತೂ ಫಾರ್ಮ್ಯಾಟ್ ಆದಮೇಲೆ ಫೈಲು ಮರಳಿ ಸಿಗುವ ಸಾಧ್ಯತೆ ಬಹಳ ಕಡಿಮೆ.

ನೆನಪಿಡಿ

1. ಬಿಟ್‌ಲಾಕರ್ ಕೀ ಬರೆದಿಟ್ಟ ಮೇಲೆಯೇ ಬಯೋಸ್ ಮುಟ್ಟಿ.
2. ಬದಲಿಸುವ ಮುನ್ನ ಪ್ರತಿ ಸೆಟ್ಟಿಂಗಿನ ಫೋಟೊ ತೆಗೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.
3. ಏನೂ ಸರಿಹೋಗದಿದ್ದರೆ ಲೈವ್ ಯುಎಸ್‌ಬಿಯಿಂದ ತೆರೆದು ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ.
4. ರಿಪೇರಿ ಅಂಗಡಿಗೆ ಕೊಡುವಾಗ “ಎರಡೂ ಡ್ರೈವಿನಲ್ಲಿ ಡೇಟಾ ಇದೆ, ಕೇಳದೆ ಫಾರ್ಮ್ಯಾಟ್ ಮಾಡಬೇಡಿ” ಎಂದು ಚೀಟಿ ಅಂಟಿಸಿ.

ಗ್ರೂಪಿನಲ್ಲಿ ಯಾರಾದರೂ “ನನ್ನ ಲಿನಕ್ಸ್ ಹೋಯಿತು” ಎಂದು ಬರೆದರೆ “ಫಾರ್ಮ್ಯಾಟ್ ಮಾಡಿ” ಎಂದು ಉತ್ತರಿಸುವ ಮುನ್ನ ಒಂದು ಪ್ರಶ್ನೆ ಕೇಳಿ: “ಬೂಟ್ ಮೆನುವಿನಲ್ಲಿ ಅದು ಕಾಣುತ್ತಿದೆಯೇ?” ಅವರ ವರ್ಷಗಳ ಫೋಟೊ, ಲೆಕ್ಕಪತ್ರ, ಪ್ರಾಜೆಕ್ಟ್ ಉಳಿಯಲು ಅಷ್ಟೇ ಸಾಕಾಗಬಹುದು.