ಸ್ವಾಧೀನ

ಪಾರ್ಶ್ವವಾಯು ಬಡಿದವರ ಮನೆಯಲ್ಲಿ ಕೇಳುವ ಮಾತು: ‘ಬಲಗೈ ಸ್ವಾಧೀನ ಇಲ್ಲ.’ ಕೈ ಅವರದೇ, ಆದರೆ ಅವರು ಹೇಳಿದಂತೆ ಕೇಳದು. ‘ಸ್ವ’ ಎಂದರೆ ತಾನು, ‘ಅಧೀನ’ ಎಂದರೆ ವಶ.

ಕ್ರಯಪತ್ರಗಳಲ್ಲಿ ಇದೇ ಪದ ‘ಸ್ವಾಧೀನಾನುಭವ’ವಾಗುತ್ತದೆ. ಜಮೀನು ವಶದಲ್ಲಿದ್ದರೆ ಸಾಲದು, ಅದನ್ನು ಅನುಭವಿಸಬೇಕು ಎಂಬ ತಿಳಿವಳಿಕೆ ಪತ್ರ ಬರೆಯುವವರಿಗೂ ಇತ್ತು. ಪಹಣಿಯಲ್ಲಿ ‘ಸ್ವಾಧೀನದಾರರ ಹೆಸರು’ ಎಂಬ ಕಲಂ ಇದೆ. ಅಲ್ಲಿ ಅಪ್ಪನ ಹೆಸರು ಹೋಗಿ ಮಗನ ಹೆಸರು ಕೂರುವುದೇ ಎಷ್ಟೋ ಮನೆಗಳ ಚರಿತ್ರೆ.

ಈ ಪದದ ಮೊದಲಿಗೆ ‘ಭೂ’ ಸೇರಿದೊಡನೆ ಅದು ಮಗ್ಗುಲು ಬದಲಿಸುತ್ತದೆ. ಭೂಸ್ವಾಧೀನದ ‘ಸ್ವ’ ರೈತನಲ್ಲ, ಸರ್ಕಾರ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ. ಎರಡರ ನಡುವೆ ವರ್ಷಗಳೇ ಉರುಳಬಹುದು. ಹೊಲದಲ್ಲಿ ರಾಗಿ ತೆನೆಗಟ್ಟುತ್ತಲೇ ಇರುತ್ತದೆ, ಆದರೆ ಬೋರ್‌ವೆಲ್ ಕೊರೆಸಲು ಕೈ ಬರದು, ದ್ರಾಕ್ಷಿಯ ಹೊಸ ಚಪ್ಪರಕ್ಕೆ ಧೈರ್ಯ ಸಾಲದು. ನೆಲವಿದೆ, ಸ್ವಾಧೀನವಿಲ್ಲ. ಲಕ್ವ ಹೊಡೆದ ಕೈಯ ಹಾಗೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ಈ ಸ್ಥಿತಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸರ್ಕಾರ ಕೇಳಿದ್ದು 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಈ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಇಷ್ಟವಿದ್ದವರು ಕೊಡಬಹುದು ಎಂದರು.

ಎಲ್ಲ ಊರಿಗೂ ಆ ಅದೃಷ್ಟವಿಲ್ಲ. ಭೂಮಿ ಹೋದ ಕಡೆ ಪರಿಹಾರ ಸೇರುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ವಾರಕ್ಕೆ, ಎಂದರೆ ಬೆಳೆಯ ಪಾಲಿನ ಲೆಕ್ಕದಲ್ಲಿ, ಉಳುವವನ ಹೆಸರು ಪಹಣಿಯಲ್ಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೂಲಿ ಪಡೆಯುವವಳದೂ ಇಲ್ಲ. ಹಣ ಬಂದ ಮನೆಯಲ್ಲೂ ಅಣ್ಣತಮ್ಮಂದಿರು ಭಾಗಕ್ಕಾಗಿ ಕೋರ್ಟು ಹತ್ತುತ್ತಾರೆ, ತಂಗಿಗೆ ಸಹಿ ಹಾಕೆಂದು ಒತ್ತಾಯ ಬರುತ್ತದೆ.

ಕೈಗಾರಿಕೆ ಬೇಡವೆನ್ನುವ ಮಾತಲ್ಲ ಇದು. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ, ನೆಲ ಕೇಳುವ ಮೊದಲು ಅದರಿಂದ ಯಾರ ಬದುಕು ಏನಾಗುತ್ತದೆಂದು ಅಧ್ಯಯನ ಮಾಡಬೇಕೆನ್ನುತ್ತದೆ. ಆದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನೆಲ ಪಡೆಯುವುದು 1966ರ ಕಾಯ್ದೆಯಡಿ. ಅಲ್ಲಿಯೂ ಆ ಅಧ್ಯಯನ ಕಡ್ಡಾಯವಾಗಲಿ. ಪಹಣಿಯಲ್ಲಿ ಹೆಸರಿಲ್ಲದವರೂ ಅದರ ಎಣಿಕೆಯಲ್ಲಿರಲಿ.